ಶಾಲೆಗೆ ಬಣ್ಣ ಬಂತು, ಟೀಚರ್ ಬರಲಿಲ್ಲ

ಪ್ರಶ್ನೆ: ನಾನು ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತೇನೆ. ಈ ವರ್ಷ ಮಗಳನ್ನು ಕಾನ್ವೆಂಟ್ ಬಿಡಿಸಿ ಸರ್ಕಾರಿ ಶಾಲೆಗೆ, 4ನೇ ಕ್ಲಾಸಿಗೆ ಸೇರಿಸಿದೆವು. ಯಾವುದೋ ಕಂಪನಿಯವರು ಬಂದು ಗೋಡೆಗೆಲ್ಲ ಬಣ್ಣ ಹೊಡೆಸಿ, ಸ್ಮಾರ್ಟ್ ಬೋರ್ಡ್ ಕೊಟ್ಟು ಹೋದರು. ಆದರೆ ಒಬ್ಬರೇ ಟೀಚರ್ ಎರಡು ಮೂರು ಕ್ಲಾಸ್ ನೋಡಿಕೊಳ್ಳುತ್ತಾರೆ. ಶಾಲೆಯ ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ನಾನೂ ಇದ್ದೇನೆ, ಸಹಿ ಮಾತ್ರ ಹಾಕಿಸಿಕೊಳ್ಳುತ್ತಾರೆ. ನಮ್ಮಂಥವರಿಂದ ಏನಾಗುತ್ತೆ?
– ಓದುಗರು, ಪೀಣ್ಯ, ಬೆಂಗಳೂರು

ಉತ್ತರ: ತುಂಬಾ ಆಗುತ್ತೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರು. ಶಾಲೆಗೆ ಏನು ಬೇಕು ಅಂತ ಯೋಜನೆ ಬರೆಯುವುದು, ಬಂದ ಅನುದಾನ ಎಲ್ಲಿ ಖರ್ಚಾಯಿತು ಅಂತ ನೋಡುವುದು ನಿಮ್ಮದೇ ಕೆಲಸ. ಓದದೆ ಸಹಿ ಹಾಕಬೇಡಿ.

ಬಣ್ಣ, ಬೋರ್ಡು ಬೇಡ ಅನ್ನುವುದಿಲ್ಲ. ಆದರೆ ಮೊದಲು ಕೇಳಬೇಕಾದ್ದು ಟೀಚರ್ ಕೊಡಿ ಅಂತ. 1ರಿಂದ 5ನೇ ತರಗತಿವರೆಗೆ 60 ಮಕ್ಕಳಿದ್ದರೆ 2 ಶಿಕ್ಷಕರು, 90ರವರೆಗೆ 3, 120ರವರೆಗೆ 4 ಅಂತ ಕಾಯ್ದೆಯಲ್ಲಿದೆ. ಐದು ತರಗತಿಗೆ ಇಬ್ಬರೇ ಸಾಕು ಅನ್ನುವ ಈ ಲೆಕ್ಕವೇ ನನ್ನ ಪ್ರಕಾರ ತಪ್ಪು, ಆದರೂ ಅಷ್ಟನ್ನಾದರೂ ಕೊಟ್ಟಿದ್ದಾರಾ ನೋಡಿ. ಕೊಟ್ಟಿಲ್ಲದಿದ್ದರೆ ಸಭೆಯಲ್ಲಿ ಠರಾವು ಬರೆಸಿ, ಕಾಯಂ ಶಿಕ್ಷಕರು ಬರುವವರೆಗೆ ಅತಿಥಿ ಶಿಕ್ಷಕರನ್ನಾದರೂ ಕೊಡಿ ಅಂತ ಅದರಲ್ಲೇ ಸೇರಿಸಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು ನಿಮ್ಮ ಕಾಪಿಗೆ ಸೀಲ್ ಹಾಕಿಸಿಕೊಳ್ಳಿ. ಬೆಂಗಳೂರಲ್ಲಿ ಇಲಾಖೆಯ ಶಾಲೆ ಬೇರೆ, ಪಾಲಿಕೆಯ ಶಾಲೆ ಬೇರೆ. ನಿಮ್ಮದು ಪಾಲಿಕೆಯದಾದರೆ ಅರ್ಜಿ ಅಲ್ಲಿಗೇ ಹೋಗಬೇಕು.

ಮಕ್ಕಳು ಕಡಿಮೆಯಾದರೆ ಇರುವ ಟೀಚರೂ ‘ಹೆಚ್ಚುವರಿ’ ಅನ್ನಿಸಿಕೊಂಡು ಬೇರೆ ಶಾಲೆಗೆ ಹೋಗುತ್ತಾರೆ. ಆಮೇಲೆ ಟೀಚರ್ ಇಲ್ಲ ಅಂತ ಇನ್ನಷ್ಟು ಮಕ್ಕಳು ಬಿಡುತ್ತಾರೆ. ಅದಕ್ಕೇ ಅಕ್ಕಪಕ್ಕದ ಕಟ್ಟಡ ಕೆಲಸದವರ ಶೆಡ್‌ಗಳಲ್ಲಿ ಶಾಲೆಗೆ ಹೋಗದ ಮಕ್ಕಳಿದ್ದರೆ ಕರೆತನ್ನಿ. ಟಿಸಿ ಇಲ್ಲ, ಜನನ ಪ್ರಮಾಣಪತ್ರ ಇಲ್ಲ ಅಂತ ವಾಪಸ್ ಕಳಿಸುವಂತಿಲ್ಲ.

ಟೀಚರುಗಳ ಮೇಲೆ ಸಿಟ್ಟು ಬೇಡ. 2025ರಲ್ಲಿ ಜಾತಿ ಸಮೀಕ್ಷೆಗೆ ಅವರನ್ನು ಹಚ್ಚಿ ಅಕ್ಟೋಬರ್ 18ರವರೆಗೆ ದಸರಾ ರಜೆ ಮುಂದುವರಿಸಿದ್ದು ನೆನಪಿದೆ ಅಲ್ವಾ? ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಪಾಠಕ್ಕೆ ಸಂಬಂಧವಿಲ್ಲದ ಬೇರೆ ಕೆಲಸಕ್ಕೆ ಅವರನ್ನು ಕಳಿಸಬಾರದು ಅನ್ನುವುದೂ ಅದೇ ಕಾಯ್ದೆಯಲ್ಲಿದೆ. ಇದನ್ನು ಅವರು ಗಟ್ಟಿಯಾಗಿ ಕೇಳುವುದು ಕಷ್ಟ, ನೀವು ಕೇಳಬಹುದು.

ಇನ್ನೊಂದು, ಸಭೆ ಭಾನುವಾರ ಇಡಿ ಅಂತ ಹೇಳಿ. ವಾರದ ಮಧ್ಯೆ ಬೆಳಿಗ್ಗೆ 11ಕ್ಕೆ ಕರೆದರೆ ನಿಮ್ಮಂಥ ತಾಯಂದಿರಿಗೆ ಒಂದು ದಿನದ ಸಂಬಳ ಹೋಗುತ್ತೆ.