ಲೆನ್ಸು: ಕಪಾಟಿನಲ್ಲಿ ಎಷ್ಟು, ಹೆಗಲ ಮೇಲೆ ಎಷ್ಟು?

ಪ್ರಶ್ನೆ: ಕ್ಯಾಮೆರಾ ಜೊತೆ ಬಂದ 18-55 ಮಿಮೀ ಕಿಟ್ ಲೆನ್ಸು, ಆಮೇಲೆ ಕೊಂಡ 55-250 ನನ್ನಲ್ಲಿವೆ. ಕ್ಯಾನನ್‌ನ ಕ್ರಾಪ್ ಸೆನ್ಸರ್ (ಪೂರ್ಣ ಗಾತ್ರಕ್ಕಿಂತ ಚಿಕ್ಕ ಸೆನ್ಸರಿನ) ಬಾಡಿ. ಮೂರನೆಯದಾಗಿ ವೈಡ್ ಆ್ಯಂಗಲ್ ತೆಗೆದುಕೊಳ್ಳಲೇ, 50 ಮಿಮೀ ಪ್ರೈಮ್ (ಜೂಮ್ ಇಲ್ಲದ ಲೆನ್ಸು) ತೆಗೆದುಕೊಳ್ಳಲೇ? ಕೇಳಿದವರೆಲ್ಲ ಒಂದೊಂದು ಹೇಳುತ್ತಾರೆ.

ಉತ್ತರ: ಅವರನ್ನು ಬಿಟ್ಟು ನಿಮ್ಮ ಹಾರ್ಡ್ ಡಿಸ್ಕನ್ನು ಕೇಳಿ. ಪ್ರತಿ ಫೋಟೊ ಫೈಲಿನೊಳಗೂ ಎಕ್ಸಿಫ್ ಮಾಹಿತಿ ಇರುತ್ತದೆ: ಯಾವ ಫೋಕಲ್ ಲೆಂಗ್ತ್ (ಲೆನ್ಸಿನ ಮಿಮೀ ಸಂಖ್ಯೆ, ಹೆಚ್ಚಿದಷ್ಟೂ ದೂರದ್ದು ಹತ್ತಿರ), ಯಾವ ಅಪರ್ಚರ್ (ಬೆಳಕು ಬಿಡುವ ಕಿಂಡಿಯ ಅಳತೆ), ಷಟರ್ ವೇಗ ಎಷ್ಟು, ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಎಷ್ಟು ಎಲ್ಲ. ಕಳೆದ ಆರು ತಿಂಗಳಲ್ಲಿ ತೆಗೆದು, ಅಳಿಸದೆ ಉಳಿಸಿಕೊಂಡ ಸುಮಾರು 200 ಚಿತ್ರಗಳನ್ನು ಆರಿಸಿ. ಕಾಗದದ ಮೇಲೆ ಐದು ಮನೆ ಹಾಕಿ: 18-22, 23-34, 35-54, 55-130, ಅದಕ್ಕಿಂತ ಮೇಲೆ. ಒಂದೊಂದು ಚಿತ್ರಕ್ಕೆ ಒಂದೊಂದು ಗೀಟು.

ಲೆಕ್ಕ ಓದುವಾಗ ಒಂದು ಕಡೆ ಮೋಸ ಹೋಗುತ್ತೀರಿ. ಎಲ್ಲರ ಪಟ್ಟಿಯಲ್ಲೂ 18 ಮತ್ತು 250 ಉಬ್ಬಿಕೊಂಡೇ ಇರುತ್ತವೆ, ಏಕೆಂದರೆ ಜೂಮ್ ರಿಂಗನ್ನು ಕೊನೆಯವರೆಗೆ ತಿರುಗಿಸುವುದು ಕೈಗೆ ಅಂಟಿದ ಅಭ್ಯಾಸ. ಆದ್ದರಿಂದ ಆ ಮನೆಗಳ ಚಿತ್ರಗಳನ್ನು ಮತ್ತೆ ತೆರೆದು ನೋಡಿ. 18ರಲ್ಲಿ ತೆಗೆದದ್ದರ ಮುಂಭಾಗ ಬರೀ ಖಾಲಿ ನೆಲವಾಗಿದ್ದರೆ ನಿಮಗೆ ವೈಡ್ ಬೇಕಿಲ್ಲ, ನಾಲ್ಕು ಹೆಜ್ಜೆ ಮುಂದೆ ಹೋಗಬೇಕಿತ್ತು. ಅಂಚಿನಲ್ಲಿ ತಲೆ ಕತ್ತರಿಸಿ ಹೋಗಿದ್ದು, ಬೆನ್ನಿಗೆ ಗೋಡೆ ತಾಗಿದ್ದರೆ ಮಾತ್ರ ವೈಡ್ ಬೇಕು. 250ರ ಚಿತ್ರಗಳನ್ನು ಆಮೇಲೂ ಅರ್ಧಕ್ಕರ್ಧ ಕ್ರಾಪ್ ಮಾಡಿದ್ದೀರಾದರೆ ನಿಮ್ಮ ಹಸಿವು ಉದ್ದದ ಲೆನ್ಸಿನದ್ದು, ಪ್ರೈಮ್ ಅದಕ್ಕೆ ಉತ್ತರವಲ್ಲ.

ಇನ್ನು 35-54ರ ಮನೆ. ಅಲ್ಲಿ ಐಎಸ್ಒ 3200, 6400, ಷಟರ್ 1/30, ಮುಖ ಮಬ್ಬು ಎಂಬ ಜೋಡಿ ಪದೇ ಪದೇ ಕಂಡರೆ ನಿಮ್ಮ ಕೊರತೆ ಬೆಳಕಿನದ್ದು. ಕಿಟ್ ಲೆನ್ಸು ಉದ್ದದ ತುದಿಯಲ್ಲಿ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಎಫ್ 1.8 ಪ್ರೈಮ್ ಅದರ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಬಿಡುತ್ತದೆ. ಐಎಸ್ಒ 6400 ಬೇಕಾಗಿದ್ದ ಜಾಗದಲ್ಲಿ 640 ಸಾಲುತ್ತದೆ. ಆದರೆ ಪುಕ್ಕಟೆಯಲ್ಲ: 50 ಮಿಮೀಯಲ್ಲಿ 2 ಮೀಟರ್ ದೂರದ ಮುಖಕ್ಕೆ ಎಫ್ 1.8 ಇಟ್ಟರೆ ಸ್ಪಷ್ಟವಾಗಿ ಬರುವ ಆಳ ಸುಮಾರು 11 ಸೆಂಟಿಮೀಟರ್ ಅಷ್ಟೆ. ಎರಡು ಸಾಲಿನಲ್ಲಿ ನಿಂತವರ ಗುಂಪಿಗೆ ಅದು ಸಾಲದು, ಹಿಂದಿನ ಸಾಲು ಕರಗಿಹೋಗುತ್ತದೆ.

ನಿಮ್ಮ ಬಾಡಿಯ ಮೇಲೆ 50 ಎಂದರೆ ಪೂರ್ಣ ಗಾತ್ರದ ಸೆನ್ಸರಿನ ಮೇಲಿನ 80ರ ನೋಟ (50 ಗುಣಿಸು 1.6). 3 ಮೀಟರ್ ದೂರದಲ್ಲಿ ನಿಂತರೆ ಅಡ್ಡ ಚೌಕಟ್ಟಿನಲ್ಲಿ ಸುಮಾರು 1.3 ಮೀಟರ್ ಅಗಲ ಹಿಡಿಯುತ್ತದೆ, 35 ಮಿಮೀ ಆದರೆ 1.9. ಸಣ್ಣ ಕೋಣೆಯೊಳಗೆ ಮನೆಮಂದಿಯನ್ನು ತೆಗೆಯುವವರಿಗೆ 50 ಇಕ್ಕಟ್ಟು. ಕೊಳ್ಳುವ ಮುನ್ನ 18-55ರ ರಿಂಗನ್ನು 35ಕ್ಕೆ ತಂದು, ಸುಲಭವಾಗಿ ಕಿತ್ತುಬರುವ ಕಾಗದದ ಟೇಪ್ ಸುತ್ತಿ ಒಂದು ದಿನ ಓಡಾಡಿ, ಮರುದಿನ 50ಕ್ಕೆ ಸುತ್ತಿ. ಸಂಜೆಯೊಳಗೆ ಯಾವುದು ನಿಮ್ಮದೆಂದು ಕಾಲೇ ಹೇಳುತ್ತದೆ.

ಪ್ರಶ್ನೆ: ಸಮಾರಂಭ, ಪ್ರವಾಸ ಎರಡಕ್ಕೂ ಆಗುವಂತೆ 70-200 ಬೇಕು. ಎಫ್ 2.8 ಒಳ್ಳೆಯದೋ, ಎಫ್ 4 ಸಾಕೋ? ಎರಡರಲ್ಲೂ ಸ್ಟೆಬಿಲೈಸರ್ ಇದೆ.

ಉತ್ತರ: ಸ್ಟೆಬಿಲೈಸರ್ ತಡೆಯುವುದು ನಿಮ್ಮ ಕೈಯ ನಡುಕವನ್ನು, ಕುಣಿಯುವವರ ಕಾಲನ್ನಲ್ಲ. ಸಭಾಂಗಣದಲ್ಲಿ ಎಫ್ 4ರಲ್ಲಿ 1/125 ಸಿಗುವ ಕಡೆ ಎಫ್ 2.8ರಲ್ಲಿ 1/250 ಸಿಗುತ್ತದೆ, ವ್ಯತ್ಯಾಸ ಒಂದೇ ಸ್ಟಾಪ್ (ಎರಡು ಪಟ್ಟು ಬೆಳಕು). ಚಲಿಸುವ ಜನರ ಮಟ್ಟಿಗೆ ಆ ಒಂದು ಸ್ಟಾಪೇ ಉಳಿಸಿಕೊಳ್ಳುವ ಚಿತ್ರಕ್ಕೂ ಅಳಿಸುವ ಚಿತ್ರಕ್ಕೂ ನಡುವಿನ ಗೆರೆ. ಸಮಾರಂಭದಿಂದ ದುಡಿಮೆ ಆಗುವುದಾದರೆ 2.8 ಕೊಳ್ಳಿ.

ಹಾಗಲ್ಲವಾದರೆ ತೂಕ ನೋಡಿ. ಡಿಎಸ್ಎಲ್ಆರ್‌ಗಳ ಎಫ್ 2.8 ಲೆನ್ಸುಗಳು ಸುಮಾರು ಒಂದೂವರೆ ಕಿಲೋ, ಎಫ್ 4 ಹೆಚ್ಚುಕಡಿಮೆ ಅದರ ಅರ್ಧ. ಬೆಟ್ಟ ಹತ್ತುವಾಗ ಭಾರದ ಲೆನ್ಸು ಕೋಣೆಯಲ್ಲೇ ಉಳಿಯುತ್ತದೆ, ಉಳಿದ ಮೇಲೆ ಅದರ ಅಪರ್ಚರ್ ಎಷ್ಟಿದ್ದರೇನು! ಹಗಲಲ್ಲಿ ಎಫ್ 8ಕ್ಕೆ ಇಟ್ಟು ತೆಗೆದ ದೃಶ್ಯದಲ್ಲಿ ಯಾವುದು ಯಾವ ಲೆನ್ಸಿನದೆಂದು ಗುರುತಿಸುವುದು ಬಲು ಕಷ್ಟ. ಒಂದು ಸಣ್ಣ ವಿಷಯ: ಎಫ್ 4 ಜೊತೆ ಟ್ರೈಪಾಡ್ ಕಾಲರ್ (ಲೆನ್ಸನ್ನೇ ಟ್ರೈಪಾಡಿಗೆ ಕೂರಿಸುವ ಬಳೆ) ಅನೇಕ ಸಲ ಬರುವುದಿಲ್ಲ, ಬೇರೆ ಕೊಳ್ಳಬೇಕು.

ಪ್ರಶ್ನೆ: 18-300 ಒಂದಿದ್ದರೆ ಎಲ್ಲ ಮುಗಿಯುವುದಿಲ್ಲವೇ?

ಉತ್ತರ: ಲೆನ್ಸು ಬದಲಿಸುವುದೇ ಬೇಸರವೆನ್ನುವವರಿಗೆ ಮುಗಿಯುತ್ತದೆ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಉದ್ದದ ತುದಿಯಲ್ಲಿ ಎಫ್ 6.3 ಇರುವುದರಿಂದ ಮಬ್ಬುಗತ್ತಲಲ್ಲಿ ಫೋಕಸ್ ತಡಕಾಡುತ್ತದೆ ಎಂಬುದು ಗೊತ್ತಿರಲಿ. ಇನ್ನೊಂದು, ಇಂಥ ಅನೇಕ ಲೆನ್ಸುಗಳಲ್ಲಿ 300 ಎಂಬುದು ದೂರದ ವಸ್ತುವಿಗೆ ಮಾತ್ರ ನಿಜ. ಹತ್ತಿರಕ್ಕೆ ಫೋಕಸ್ ಮಾಡಿದಂತೆ ಫೋಕಲ್ ಲೆಂಗ್ತ್ ತಾನಾಗಿ ಕುಗ್ಗುತ್ತದೆ. ಎರಡು ಮೀಟರ್ ಆಚೆ ಕೂತ ಚಿಟ್ಟೆ ನಿರೀಕ್ಷಿಸಿದಷ್ಟು ದೊಡ್ಡದಾಗಿ ಬರದಿದ್ದರೆ ಲೆನ್ಸು ಕೆಟ್ಟಿದೆ ಎಂದುಕೊಳ್ಳಬೇಡಿ.

ಪ್ರಶ್ನೆ: ನನ್ನದು ನಿಕಾನ್ ಡಿ3500. ಪರಿಚಯದವರೊಬ್ಬರು ಹಳೆಯ 50 ಮಿಮೀ ಎಫ್ 1.8ಡಿ ಕೊಡುತ್ತೇನೆ ಎನ್ನುತ್ತಿದ್ದಾರೆ. ಕೊಳ್ಳಬಹುದೇ? ಏನೇನು ನೋಡಬೇಕು?

ಉತ್ತರ: ಮೊದಲು ಹೊಂದಾಣಿಕೆ. ಹೆಸರಿನ ಕೊನೆಯಲ್ಲಿ ‘ಡಿ’ ಇರುವ ಈ ಎಎಫ್ (ಆಟೊಫೋಕಸ್) ಲೆನ್ಸಿನಲ್ಲಿ ಮೋಟಾರಿಲ್ಲ, ಬಾಡಿಯಲ್ಲಿರುವ ಮೋಟಾರು ಅದರ ಫೋಕಸ್ ತಿರುಗಿಸಬೇಕು. ನಿಮ್ಮ ಬಾಡಿಯಲ್ಲಿ ಆ ಮೋಟಾರೂ ಇಲ್ಲ. ಲೆನ್ಸು ಕೂರುತ್ತದೆ, ಬೆಳಕಿನ ಅಳತೆ ಸರಿಯಾಗಿ ನಡೆಯುತ್ತದೆ, ಆಟೊಫೋಕಸ್ ಮಾತ್ರ ಇಲ್ಲ. ಕೈಯಲ್ಲಿ ತಿರುಗಿಸಬೇಕು, ಕೂಡಿಬಂದಾಗ ವ್ಯೂಫೈಂಡರಿನಲ್ಲಿ ಚುಕ್ಕೆ ಬೆಳಗುತ್ತದೆ. ಓಡಾಡುವ ಮಕ್ಕಳನ್ನು ತೆಗೆಯುವ ಉದ್ದೇಶವಿದ್ದರೆ ಬೇಡ, ಎಎಫ್-ಎಸ್ ಎಂದು ಬರೆದಿರುವುದನ್ನು (ಅದರೊಳಗೇ ಮೋಟಾರಿರುತ್ತದೆ) ಹುಡುಕಿ. ಮುಂದೆ ಝಡ್ ಮೌಂಟಿನ (ಲೆನ್ಸು ಕೂರುವ ಬಾಯಿ), ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್‌ಗೆ ಹೋದರೂ ನಿಕಾನ್‌ನ ಎಫ್‌ಟಿಝಡ್ ಅಡಾಪ್ಟರಿನಲ್ಲಿ (ಹಳೆಯ ಲೆನ್ಸನ್ನು ಹೊಸ ಬಾಡಿಗೆ ಕೂರಿಸುವ ಕೊಂಡಿ) ಆ ಮೋಟಾರಿಲ್ಲ, ಕಥೆ ಅದೇ.

ಈ ಲೆನ್ಸಿಗೆ ಅಪರ್ಚರ್ ರಿಂಗ್ ಇದೆ. ಅದನ್ನು 22ಕ್ಕೆ ತಂದು ಪಕ್ಕದ ಬೀಗ ಸರಿಸದಿದ್ದರೆ ಪರದೆ ದೋಷ ತೋರಿಸಿ ಕ್ಯಾಮೆರಾ ಕೂತುಬಿಡುತ್ತದೆ. ಹೀಗಾಗಿ ಲೆನ್ಸು ಹಾಳಾಗಿದೆ ಎಂದು ಹಿಂದಿರುಗಿಸುವವರೂ ಇದ್ದಾರೆ.

ಈಗ ಪರೀಕ್ಷೆ. ಎರಡೂ ಮುಚ್ಚಳ ತೆಗೆದು, ರಿಂಗನ್ನು 1.8ಕ್ಕೆ ಇಟ್ಟು, ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ನಾಲ್ಕಾರು ಧೂಳಿನ ಕಣ ಲೆಕ್ಕಕ್ಕಿಲ್ಲ. ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು. ಗಾಜಿನ ಲೇಪನವನ್ನೇ ತಿಂದಿರಬಹುದು, ಬಿಟ್ಟುಬಿಡಿ. ಹಾಲಿನಂಥ ಮಂಜು ಇದ್ದರೆ ಎದುರು ಬೆಳಕಿನಲ್ಲಿ ಚಿತ್ರ ಪೇಲವವಾಗುತ್ತದೆ. ಬಳಿಕ ರಿಂಗನ್ನು 22ಕ್ಕೆ ತನ್ನಿ, ಅಪರ್ಚರ್ ಕಿರಿದಾಗುತ್ತದೆ. ಹಿಂಬದಿಯ ಸಣ್ಣ ಸನ್ನೆಯನ್ನು ಬೆರಳಿನಿಂದ ಸರಿಸಿದರೆ ತೆರೆದುಕೊಳ್ಳುತ್ತದೆ, ಬಿಟ್ಟ ಕೂಡಲೇ ಬ್ಲೇಡುಗಳು ಫಟ್ಟನೆ ಮುಚ್ಚಬೇಕು. ಸೋಮಾರಿಯಾಗಿ ಮುಚ್ಚಿದರೆ ಬ್ಲೇಡಿಗೆ ಎಣ್ಣೆ ಇಳಿದಿದೆ ಎಂದರ್ಥ. ಷಟರ್ ತೆರೆಯುವ ಹೊತ್ತಿಗೆ ಅದು ಪೂರ್ತಿ ಮುಚ್ಚಿರುವುದಿಲ್ಲ, ಎಫ್ 8ರ ಚಿತ್ರ ಬೆಳ್ಳಗೆ ಬರುತ್ತದೆ.

ಫಿಲ್ಟರ್ ಕೂರುವ ಅಂಚು ನಜ್ಜಾಗಿದ್ದರೆ ಲೆನ್ಸು ಬಿದ್ದಿದೆ. ಕೊನೆಗೆ ಪತ್ರಿಕೆಯ ಹಾಳೆಯನ್ನು ಗೋಡೆಗೆ ಅಂಟಿಸಿ, ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ಗೋಡೆಗೆ ನೇರವಾಗಿ ನಿಲ್ಲಿಸಿ ಎಫ್ 1.8 ಮತ್ತು ಎಫ್ 4ರಲ್ಲಿ ತೆಗೆಯಿರಿ. ನಾಲ್ಕು ಮೂಲೆಗಳೂ ಒಂದೇ ಸಮ ಮೃದುವಾಗಿದ್ದರೆ ಅದು ಲೆನ್ಸಿನ ಗುಣ. ಒಂದೇ ಮೂಲೆ ಕೆಟ್ಟಿದ್ದರೆ ಒಳಗಿನ ಗಾಜು ಓರೆಯಾಗಿದೆ.

ಪ್ರಶ್ನೆ: ಹೂವು, ಕೀಟ ಅಪರೂಪಕ್ಕೆ ತೆಗೆಯುತ್ತೇನೆ. ತೀರ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸು ಬೇಕೇ?

ಉತ್ತರ: ಅಪರೂಪಕ್ಕಾದರೆ ಎಕ್ಸ್‌ಟೆನ್ಷನ್ ಟ್ಯೂಬ್ (ಲೆನ್ಸಿಗೂ ಬಾಡಿಗೂ ನಡುವೆ ಕೂರುವ ಟೊಳ್ಳು ಕೊಳವೆ) ಸಾಕು. 50 ಮಿಮೀ ಲೆನ್ಸಿನ ಹಿಂದೆ 25 ಮಿಮೀ ಟ್ಯೂಬ್ ಹಾಕಿ, ಫೋಕಸನ್ನು ಅನಂತಕ್ಕೆ ಇಟ್ಟರೂ ವಸ್ತು ಸೆನ್ಸರಿನ ಮೇಲೆ ಅರ್ಧ ಗಾತ್ರದಲ್ಲಿ ಮೂಡುತ್ತದೆ. ವಿದ್ಯುತ್ ಸಂಪರ್ಕದ ಬಿಂದುಗಳಿರುವ ಟ್ಯೂಬನ್ನೇ ಕೊಳ್ಳಿ, ಇಲ್ಲದಿದ್ದರೆ ಈಗಿನ ಲೆನ್ಸುಗಳ ಅಪರ್ಚರ್ ಬದಲಿಸಲು ಆಗುವುದಿಲ್ಲ. ಟ್ಯೂಬ್ ಇರುವಾಗ ದೂರದ್ದು ಫೋಕಸ್ ಆಗದು.

ಪ್ರಶ್ನೆ: ಚೀಲದಲ್ಲಿ ನಾಲ್ಕು ಲೆನ್ಸು ಹೊತ್ತು ಹೋಗಿ ಒಂದನ್ನೇ ಬಳಸಿ ಬರುತ್ತೇನೆ. ಏನು ಬಿಡಲಿ? ಮಳೆಗಾಲದಲ್ಲಿ ಮನೆಯಲ್ಲಿ ಉಳಿದವನ್ನು ಹೇಗೆ ಕಾಯಲಿ?

ಉತ್ತರ: ಎರಡು ಒಯ್ಯಿರಿ, ಒಂದು ಕ್ಯಾಮೆರಾದ ಮೇಲೆ, ಒಂದು ಚೀಲದಲ್ಲಿ. ಎರಡರ ಫೋಕಲ್ ಲೆಂಗ್ತ್ ನಡುವೆ ಎರಡು ಪಟ್ಟಾದರೂ ಅಂತರವಿರಲಿ: 35 ಮತ್ತು 85 ಸರಿ, 35 ಮತ್ತು 50 ವ್ಯರ್ಥ, ಆ ವ್ಯತ್ಯಾಸವನ್ನು ಎರಡು ಹೆಜ್ಜೆ ನಡೆದು ತುಂಬಿಸಬಹುದು. ಹಕ್ಕಿಗೆಂದೇ ಹೊರಟ ದಿನ ಮಾತ್ರ ಉದ್ದದ್ದು.

ಬದಲಿಸುವಾಗ ಕ್ಯಾಮೆರಾ ಆಫ್ ಮಾಡಿ, ಗಾಳಿಗೆ ಬೆನ್ನು ಹಾಕಿ, ಬಾಡಿಯ ಬಾಯಿ ಕೆಳಗಿರಲಿ. ಹೊಸ ಲೆನ್ಸಿನ ಹಿಂದಿನ ಮುಚ್ಚಳವನ್ನು ಮೊದಲೇ ಸಡಿಲಿಸಿಕೊಂಡರೆ ಸೆನ್ಸರ್ ತೆರೆದಿರುವ ಹೊತ್ತು ಕೆಲವೇ ಸೆಕೆಂಡು. ತಣ್ಣನೆಯ ಕೋಣೆಯಿಂದ ಸೆಕೆಗೆ ಬಂದರೆ ಚೀಲದ ಜಿಪ್ ತೆರೆಯದೆ ಅರ್ಧ ಗಂಟೆ ಬಿಡಿ, ಇಲ್ಲವಾದರೆ ಗಾಜಿನ ಮೇಲೆ ನೀರು ಕೂರುತ್ತದೆ.

ಮನೆಯಲ್ಲಿ ಉಳಿದವಕ್ಕೆ ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಮತ್ತು ಸಣ್ಣ ತೇವಾಂಶ ಮಾಪಕ. ಮುಳ್ಳು ಶೇಕಡಾ 40ರಿಂದ 50ರೊಳಗೆ ಇರಲಿ. 60 ದಾಟಿ ದಿನಗಟ್ಟಲೆ ನಿಂತರೆ ಬೂಷ್ಟಿಗೆ ಹಬ್ಬ, 30ಕ್ಕಿಂತ ಕೆಳಗೆ ಒಣಗಿಸಿದರೆ ರಬ್ಬರಿಗೂ ಗ್ರೀಸಿಗೂ ಒಳ್ಳೆಯದಲ್ಲ. ಜೆಲ್ ಬಣ್ಣ ಬದಲಿಸಿದಾಗ ಒಣಗಿಸಿ ಮತ್ತೆ ಹಾಕಿ. ಲೆನ್ಸಿನ ಜೊತೆ ಬಂದ ಚರ್ಮದ ಚೀಲವನ್ನು ಡಬ್ಬಿಯೊಳಗೆ ಇಡಬೇಡಿ, ಅದು ತೇವ ಹೀರಿಟ್ಟುಕೊಂಡಿರುತ್ತದೆ.