ತೊಳೆಯುವ ಮೆಷಿನ್‌ಗೆ ಕಲ್ಲು ಯಾವುದು, ಆಲೂಗಡ್ಡೆ ಯಾವುದು ಅಂತ ಹೇಗೆ ಗೊತ್ತಾಗುತ್ತದೆ?

ಪ್ರಶ್ನೆ: ಆಹಾರ ತಯಾರಿಸುವ ಫ್ಯಾಕ್ಟರಿಗಳಲ್ಲಿ ತರಕಾರಿ ತೊಳೆಯಲು ದೊಡ್ಡ ಮೆಷಿನ್‌ಗಳಿರುತ್ತವಂತೆ. ಒಂದೊಂದನ್ನೂ ಕೈಯಲ್ಲಿ ಉಜ್ಜದೆ ಮಣ್ಣು, ಕಲ್ಲು, ಹುಳ ಎಲ್ಲ ಹೇಗೆ ಹೋಗುತ್ತದೆ? ಎಲ್ಲವನ್ನೂ ಅದೇ ನೀರಿಗೆ ಅದ್ದಿದರೆ ಗಲೀಜು ಇನ್ನೂ ಹರಡುವುದಿಲ್ವಾ?

ಉತ್ತರ: ಹರಡುತ್ತದೆ, ಹುಷಾರಾಗಿರದಿದ್ದರೆ ಖಂಡಿತ ಹರಡುತ್ತದೆ. ಅದಕ್ಕೆ ಆಮೇಲೆ ಬರೋಣ. ಮೊದಲು ಕಲ್ಲು, ಹುಳದ ವಿಷಯ.

ಸೊಪ್ಪು ತೊಳೆಯುವ ಮೆಷಿನ್ ಅಂದರೆ ಒಂದು ಉದ್ದನೆಯ ಸ್ಟೀಲ್ ತೊಟ್ಟಿ. ತಳದಲ್ಲಿ ತೂತುಗಳಿರುವ ಪೈಪು, ಅದರೊಳಗೆ ಬ್ಲೋವರ್ ಗಾಳಿ ಊದುತ್ತಿರುತ್ತದೆ. ಗುಳ್ಳೆಗಳ ರಭಸಕ್ಕೆ ಎಲೆಗಳು ಹೊರಳಾಡಿ ಬಿಡಿಬಿಡಿಯಾಗುತ್ತವೆ, ಮಡಿಕೆಯಲ್ಲಿ ಕೂತ ಮರಳು ಕಳಚುತ್ತದೆ, ಆದರೆ ಎಲೆ ಅಷ್ಟಾಗಿ ಹರಿಯುವುದಿಲ್ಲ. ಮರಳು, ಕಲ್ಲು ಜಾಲರಿ ದಾಟಿ ತಳ ಸೇರುತ್ತವೆ. ಹುಳ, ಕಡ್ಡಿ ತೇಲಿಕೊಂಡು ಅಂಚಿನಿಂದ ತುಳುಕುವ ನೀರಿನ ಜೊತೆ ಹೊರಗೆ ಹೋಗುತ್ತವೆ.

ಆಲೂಗಡ್ಡೆಯೂ ಮುಳುಗುತ್ತದಲ್ಲ, ಆಗೇನು ಮಾಡುವುದು? ಅದು ನೀರಿಗಿಂತ ಸ್ವಲ್ಪವೇ ಭಾರ, ಕಲ್ಲು ಸುಮಾರು ಎರಡೂವರೆ ಪಟ್ಟು. ಹಾಗಾಗಿ ಕೆಳಗಿನಿಂದ ಮೇಲಕ್ಕೆ ಲೆಕ್ಕ ಹಾಕಿ ನೀರು ಹಾಯಿಸಿದರೆ ಆಲೂಗಡ್ಡೆ ಎದ್ದು ಮುಂದೆ ಸಾಗುತ್ತದೆ, ಕಲ್ಲು ಏಳುವುದಿಲ್ಲ. ಅಂಟಿಕೊಂಡ ಮಣ್ಣಿಗೆ ತಿರುಗುವ ಬ್ರಷ್ ಬೇಕು.

ಈಗ ನಿಮ್ಮ ಅನುಮಾನ. ಹೊಸ ನೀರನ್ನು ಹಾಕುವುದು ಕೊನೆಯ ತೊಟ್ಟಿಗೆ. ಅದು ಹಿಂದಕ್ಕೆ ಹರಿಯುತ್ತಾ ಮೊದಲ ತೊಟ್ಟಿಗೆ ಬರುತ್ತದೆ, ಅಂದರೆ ತರಕಾರಿ ಹೋಗುವ ದಿಕ್ಕು ಒಂದು, ನೀರಿನದು ಅದಕ್ಕೆ ಉಲ್ಟಾ. ಗಲೀಜು ಜಾಸ್ತಿ ಇರುವ ತರಕಾರಿಗೆ ಹಳೇ ನೀರು, ತೊಳೆದಾಗಿರುವುದಕ್ಕೆ ತಾಜಾ ನೀರು. ಜೊತೆಗೆ ರೋಗಾಣು ಕೊಲ್ಲುವ ಔಷಧಿಯಾಗಿ ನೀರಿಗೆ ಕ್ಲೋರಿನ್ ಅಥವಾ ಪೆರಾಸೆಟಿಕ್ ಆಮ್ಲ ಸೇರಿಸುತ್ತಾರೆ. ಇದು ತರಕಾರಿಯನ್ನು ಪೂರ್ತಿ ಶುದ್ಧ ಮಾಡುತ್ತದೆ ಅಂದುಕೊಳ್ಳಬೇಡಿ. ಇಂಥ ತೊಳೆತದಲ್ಲಿ ಸಾಮಾನ್ಯವಾಗಿ ಶೇ 90ರಿಂದ 99ರಷ್ಟು ಸೂಕ್ಷ್ಮಾಣುಗಳು ಹೋಗುತ್ತವೆ. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ 10 ಲಕ್ಷ ಇದ್ದರೆ, ಶೇ 99 ಹೋದ ಮೇಲೂ 10,000 ಉಳಿದವು. ಔಷಧಿಯ ಮುಖ್ಯ ಕೆಲಸ ಒಂದು ಕೊಳಕು ಎಲೆಯ ರೋಗಾಣು ನೀರಿನ ಮೂಲಕ ಉಳಿದ ಎಲೆಗಳಿಗೆ ದಾಟದಂತೆ ತಡೆಯುವುದು. ಮಣ್ಣು, ಎಲೆಯ ರಸ ಸೇರಿದ ಹಾಗೆಲ್ಲ ಕ್ಲೋರಿನ್ ಖರ್ಚಾಗಿಹೋಗುತ್ತದೆ, ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಕೂಡ 6.5ರಿಂದ 7.5ರ ಒಳಗೇ ಇರಬೇಕು. ಬೆಳಿಗ್ಗೆ ಒಂದು ಸಲ ಹಾಕಿ ಸುಮ್ನೆ ಕೂತರೆ ಮಧ್ಯಾಹ್ನದ ಹೊತ್ತಿಗೆ ಅದು ಬರೀ ಕೊಳಕು ನೀರು. ಮೆಷಿನ್ ಎಷ್ಟು ದುಬಾರಿಯದು ಅನ್ನುವುದಕ್ಕಿಂತ ನೀರನ್ನು ಯಾರು, ಎಷ್ಟು ಸಲ ಪರೀಕ್ಷೆ ಮಾಡುತ್ತಾರೆ ಅಂತ ಕೇಳುವವನು ನಾನು.

ಟೊಮೆಟೊದ್ದು ಬೇರೆಯೇ ತಕರಾರು. ಬಿಸಿಲಿನಿಂದ ಬಂದ ಬಿಸಿ ಹಣ್ಣನ್ನು ತಣ್ಣೀರಿಗೆ ಹಾಕಿದರೆ ಒಳಗಿನ ಗಾಳಿ ಕುಗ್ಗಿ, ತೊಟ್ಟಿನ ಜಾಗದಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ನೀರಲ್ಲಿ ರೋಗಾಣು ಇದ್ದರೆ ಅದೂ ಒಳಗೆ ಹೋಯಿತು, ಆಮೇಲೆ ಎಷ್ಟು ತೊಳೆದರೂ ಬರುವುದಿಲ್ಲ. ಅದಕ್ಕೇ ನೀರನ್ನು ಹಣ್ಣಿಗಿಂತ ಸುಮಾರು 5 ಡಿಗ್ರಿ ಸೆಲ್ಸಿಯಸ್ ಬೆಚ್ಚಗೆ ಇಡುತ್ತಾರೆ.

ಗಿಡವೇ ಹೀರಿಕೊಂಡ ಕೀಟನಾಶಕವನ್ನೂ ಯಾವ ಮೆಷಿನ್ ತೆಗೆಯಲಾರದು. ಇನ್ನು ಹಿಟ್ಟಿನಂಥ ಒಣ ಪದಾರ್ಥಕ್ಕೆ ನೀರು ತಾಗಿಸುವ ಹಾಗೇ ಇಲ್ಲ. ಅಲ್ಲಿ ಜರಡಿ, ಆಯಸ್ಕಾಂತದ್ದೇ ಕೆಲಸ.