ಗಣೇಶನ ಪತ್ರೆ ಮತ್ತು ನಾಯಿಮರಿ

ಪ್ರಶ್ನೆ: ಗಣೇಶ ಚೌತಿಯ ಮಾರನೇ ದಿನ ನಮ್ಮ ನಾಯಿಮರಿ ಪೂಜೆಗಿಟ್ಟಿದ್ದ ಪತ್ರೆ ಎಳೆದು ಅಗಿಯಿತು, ಆಮೇಲೆ ಎರಡು ಸಲ ವಾಂತಿ ಮಾಡಿಕೊಂಡಿತು. ಅದರಲ್ಲಿ ವಿಷದ ಎಲೆಯೂ ಇರುತ್ತಾ?
– ಓದುಗರೊಬ್ಬರು, ಕೊಪ್ಪಳ

ಉತ್ತರ: ಇರುತ್ತೆ. 21 ಪತ್ರೆಗಳಲ್ಲಿ ಕಣಗಿಲೆ, ಎಕ್ಕ, ಉಮ್ಮತ್ತಿ ಬರುತ್ತವೆ ಅಲ್ವಾ, ಮೂರೂ ವಿಷವೇ. ನನಗೆ ಜಾಸ್ತಿ ಭಯ ಕಣಗಿಲೆಯದು. ಅದು ಹೃದಯದ ಬಡಿತವನ್ನೇ ಕೆಡಿಸುತ್ತದೆ, ಎಲೆ ಒಣಗಿದರೂ ವಿಷ ಹೋಗುವುದಿಲ್ಲ, ಮತ್ತೆ ನಮ್ಮ ಕಡೆಯ ಬಿಸಿಲಿಗೂ ಬಾಡದ ಗಿಡ ಅಂತ ಎಷ್ಟೋ ಮನೆಗಳ ಅಂಗಳದಲ್ಲಿ ಅದು ಇದ್ದೇ ಇರುತ್ತದೆ. ಪೂಜೆ ಬಿಡಬೇಡಿ. ಪತ್ರೆಯನ್ನು ಎತ್ತರದಲ್ಲಿಡಿ, ಮುಗಿದ ಮೇಲೆ ಗುಂಡಿ ತೋಡಿ ಹೂಳಿ. ಸುಮ್ನೆ ಬೀದಿಗೆ ಎಸೆದರೆ ದನ, ಆಡು ತಿನ್ನುತ್ತವೆ, ಅವೂ ಜೀವವೇ.

ಮರಿ ತಿಂದದ್ದು ಕಂಡರೆ ವಾಂತಿ, ಜೊಲ್ಲು ಬರಲಿ ಅಂತ ಕಾಯಬೇಡಿ. ಉಪ್ಪುನೀರು ಕುಡಿಸಬೇಡಿ, ಅದೇ ಇನ್ನೊಂದು ಅಪಾಯ. ಅಗಿದ ಎಲೆಯ ಚೂರನ್ನು ಕವರಿಗೆ ಹಾಕಿಕೊಂಡು ನೇರ ಪಶು ಆಸ್ಪತ್ರೆಗೆ ಹೋಗಿ.

ಮನೆಯಲ್ಲಿ ಬೆಕ್ಕಿದ್ದರೆ ಇನ್ನೊಂದು ಮಾತು: ಲಿಲ್ಲಿ ಹೂವಿನ ಗುಚ್ಛ ತರಲೇಬೇಡಿ, ಮೈಗಂಟಿದ ಅದರ ಪರಾಗ ನೆಕ್ಕಿದರೂ ಬೆಕ್ಕಿನ ಕಿಡ್ನಿ ಕೆಡಬಹುದು.